ಲೆಕ್ಕಕ್ಕೆ ಸಿಗದ ತಲೆನೋವು

ನಮ್ಮ ಕೇರಿಯಲ್ಲಿ ತಲೆನೋವು ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಜ್ವರ ಬಂದರೆ ಮೈ ಮುಟ್ಟಿ ನೋಡುತ್ತಾರೆ. ವಾಂತಿಭೇದಿ ಆದರೆ ಗಾಡಿ ಹುಡುಕುತ್ತಾರೆ. ಗುಳ್ಳೆ ಎದ್ದರೆ ಅಮ್ಮ ಬಂದಳು ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. 'ತಲಿ ಸಿಡೀತೈತಿ' ಅಂದವರಿಗೆ ಮಾತ್ರ ಒಂದೇ ಉತ್ತರ: 'ಬಟ್ಟಿ ಬಿಗದು ಕಟ್ಕೋ, ಕೆಲ್ಸಕ್ಕ ನಡಿ.'

ಬಿಸಿಲಲ್ಲಿ ಕಳೆ ಕಿತ್ತರೆ ತಲೆನೋವು. ಸಿಂಬಿ ಇಟ್ಟು ಹೊರೆ ಹೊತ್ತರೆ ತಲೆನೋವು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೋಳಿ ಕೂಗೋ ಹೊತ್ತಿಂದ ಕಾದ ಉಸುಕಿನ ಮುಂದೆ ನಿಂತು ಹೊಗೆ ಕುಡಿದರೆ ತಲೆನೋವು. ಹೊಟ್ಟೆಗಿಲ್ಲದಿದ್ದರೆ ತಲೆನೋವು. ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತರೆ ತಲೆನೋವು. ಇಷ್ಟು ತಲೆನೋವುಗಳ ನಡುವೆ ಒಂದು ದಿನ ಬೇರೆ ಥರದ ತಲೆನೋವು ಬಂದು ಕೂತರೆ ಅದನ್ನು ಗುರುತು ಹಿಡಿಯುವುದು ಹೇಗೆ?

ನೂರು ವರ್ಷದಲ್ಲಿ ಎರಡು ಸಲ ಹಾಗೆ ಬಂದು ಕೂತಿತು. ಒಮ್ಮೆ 1918ರಲ್ಲಿ, ಇನ್ನೊಮ್ಮೆ 2020–21ರಲ್ಲಿ. ಎರಡು ಸಲವೂ ನಮ್ಮವರ ತಲೆನೋವನ್ನು ಯಾರೂ ಕೇಳಲಿಲ್ಲ. ಅದರ ಬೆನ್ನಿಗೆ ಬಂದ ಸಾವನ್ನೂ ಪೂರ್ತಿ ಎಣಿಸಲಿಲ್ಲ. ಸಾಂಕ್ರಾಮಿಕ ರೋಗದ ಚರಿತ್ರೆ ಅಂದರೆ ವೈದ್ಯರ ಚರಿತ್ರೆ, ದೊರೆಗಳ ಆಜ್ಞೆಗಳ ಚರಿತ್ರೆ ಅಂತ ನಾವು ಓದಿಕೊಂಡು ಬಂದಿದ್ದೇವೆ. ಕೇಳಿಸಿಕೊಳ್ಳದ ನೋವಿಗೂ ಒಂದು ಚರಿತ್ರೆ ಇದೆ. ಅದನ್ನು ದಾವಣಗೆರೆ-ಹರಿಹರದ ಕಡೆಯಿಂದ ನಿಂತು ನೋಡಬೇಕಾಗಿದೆ.

ಮೊದಲು ಈ ನೋವು ಏನು ಅನ್ನುವುದನ್ನು ತಿಳಿಯೋಣ. ಹಳ್ಳಿ ಮೇಷ್ಟ್ರುಗಳಿಗೆ ಮಕ್ಕಳಿಗೆ ಹೇಳಲಿಕ್ಕೂ ಬರುತ್ತದೆ. ಮಿದುಳಿಗೆ ತಾನಾಗಿ ನೋಯುವ ಗುಣ ಇಲ್ಲ. ಅದನ್ನು ಸುತ್ತಿರುವ ಪೊರೆಗೆ, ಆ ಪೊರೆಯ ರಕ್ತನಾಳಗಳಿಗೆ, ಹಣೆ-ಕಣ್ಣು-ಮುಖಗಳ ಸುದ್ದಿ ಒಯ್ಯುವ ನರಕ್ಕೆ ನೋವು ತಿಳಿಯುತ್ತದೆ. ವೈರಸ್ ಒಳಗೆ ಹೊಕ್ಕಾಗ ಮೈ ಸುಮ್ಮನೆ ಕೂರುವುದಿಲ್ಲ. ರಕ್ಷಣೆಗೆ ನಿಂತ ಜೀವಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಜ್ವರ ಏರುವುದು, ಮೈಕೈ ಮುರಿಯುವುದು, ಹಣೆ ಸಿಡಿಯುವುದು ಬಹುಪಾಲು ಇವುಗಳಿಂದಲೇ. ಇನ್‌ಫ್ಲುಯೆಂಜಾದಲ್ಲಿ ಈ ನೋವು ದಿಢೀರನೆ ಬರುತ್ತದೆ, ಹಣೆಯಲ್ಲಿ, ಕಣ್ಣುಗುಡ್ಡೆಯ ಹಿಂದೆ. ಕೋವಿಡ್‌ನಲ್ಲಿ ಎಷ್ಟೋ ಜನಕ್ಕೆ ಕೆಮ್ಮಿಗಿಂತ ಮೊದಲೇ ಬಂತು.

ಎಲ್ಲ ತಲೆನೋವೂ ಸಾಂಕ್ರಾಮಿಕ ಅಲ್ಲ, ಬಹಳಷ್ಟು ತಾನೇ ಹೋಗುತ್ತವೆ. ಆದರೆ ಊರಲ್ಲಿ ರೋಗ ಓಡಾಡುವ ಕಾಲದಲ್ಲಿ ತಲೆನೋವು ಮೈಯ ತಳವಾರ ಇದ್ದ ಹಾಗೆ. ಒಳಗೆ ಏನೋ ನುಗ್ಗಿದೆ ಅಂತ ಮೊದಲ ಸುದ್ದಿ ತರುವವನು ಅವನೇ. ಪ್ರಶ್ನೆ ಇರುವುದು, ತಳವಾರನ ಮಾತನ್ನು ಕೇಳುವವರು ಯಾರು?

1918ರ ಮೇ ಕೊನೆಯಲ್ಲಿ, ಮೊದಲ ಮಹಾಯುದ್ಧದ ಸಿಪಾಯಿಗಳನ್ನು ಹೊತ್ತ ಹಡಗು ಬೊಂಬಾಯಿಗೆ ಬಂತು. ಜೂನ್ 10ರಂದು ಏಳು ಮಂದಿ ಪೊಲೀಸ್ ಸಿಪಾಯಿಗಳು ಆಸ್ಪತ್ರೆ ಸೇರಿದರು. ಜ್ವರ, ತಲೆನೋವು, ಕೈಕಾಲು ನೋವು, ಬೆನ್ನು ನೋವು. ಮೊದಲ ಅಲೆ ಅಷ್ಟು ಕೊಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಕೊಂದಿತು. ಮರಾಠಿ ಸೀಮೆಯವರು ಇದನ್ನು 'ಮಾನಮೋಡಿ' ಅಂದರು, ಅಂದರೆ ಕತ್ತು ಮುರಿಯುವ ಬೇನೆ. ಡಾಕ್ಟರರು ಇನ್ನೂ ಹೆಸರಿಗಾಗಿ ತಡಕಾಡುತ್ತಿದ್ದಾಗ ಜನ ತಮ್ಮ ನೋವಿನಿಂದಲೇ ರೋಗಕ್ಕೆ ಹೆಸರಿಟ್ಟಿದ್ದರು.

ಆಗ ವೈರಸ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿ ತೋರಿಸಿದ್ದು 1933ರಲ್ಲಿ. ತಲೆನೋವಿನ ಅಮೃತಾಂಜನ ಮಾತ್ರ 1893ರಲ್ಲೇ ಬೊಂಬಾಯಿಯಲ್ಲಿ ಹುಟ್ಟಿತ್ತು. ನೋವಿನ ಕಾರಣ ಗೊತ್ತಾಗುವ ನಲವತ್ತು ವರ್ಷ ಮೊದಲೇ ನೋವಿನ ಮಾರುಕಟ್ಟೆ ಶುರುವಾಗಿತ್ತು.

ಬೇನೆ ರೈಲಿನ ಹಾದಿ ಹಿಡಿದು ದೇಶದೊಳಗೆ ಇಳಿಯಿತು. ನಮ್ಮ ಕಡೆಯ ರೈಲಿನ ಹಾದಿ ಯಾವುದು? ಹುಬ್ಬಳ್ಳಿಯಿಂದ ಬಂದು ತುಂಗಭದ್ರೆ ದಾಟಿ ಹರಿಹರ, ದಾವಣಗೆರೆ ಮೇಲಾಸಿ ಬೆಂಗಳೂರಿಗೆ ಹೋಗುವ ಮೀಟರ್‌ಗೇಜ್ ಹಾದಿ. ಆಗ ಹೊಳೆಯ ಆಚೆ ದಡ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಈಚೆ ದಡ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಜಿಲ್ಲೆ ಅನ್ನುವುದು ಆಗಿದ್ದು 1997ರಲ್ಲಿ. ಹರಿಹರ ಸಂಸ್ಥಾನದ ಬಾಗಿಲು, ದಾವಣಗೆರೆ ಅದರ ಪಡಸಾಲೆಯ ಸಂತೆ. ಹತ್ತಿ, ಕಾಳು ಇಳಿಸುವವರು, ಏರಿಸುವವರು, ಮೂಟೆ ಹೊರುವವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಬೇನೆ ಎಲ್ಲರ ಮೂಗಿಗೂ ಒಂದೇ ಥರ ಹೊಕ್ಕಿತು. ಹೊಕ್ಕ ಮೇಲೆ ಎಲ್ಲರನ್ನೂ ಒಂದೇ ಥರ ಕೊಲ್ಲಲಿಲ್ಲ.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಕಾಳಿನ ಬೆಲೆ ಏರಿತ್ತು. ಮೊದಲೇ ಹಸಿದ ಮೈಗೆ ಬೇನೆ ತಗುಲಿತು. ಇಪ್ಪತ್ತರಿಂದ ನಲವತ್ತರ ದುಡಿಯುವ ವಯಸ್ಸಿನವರೇ ಹೆಚ್ಚು ಸತ್ತರು. ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ರೋಗಿಯ ಪಕ್ಕ ಕೂತವಳು ಅವಳೇ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವಳೂ ಅವಳೇ.

ಒಟ್ಟು ಸತ್ತವರೆಷ್ಟು? 1921ರ ಜನಗಣತಿಯ ಕಮಿಷನರ್ ಮಾರ್ಟೆನ್ 1.2 ಕೋಟಿಯಿಂದ 1.3 ಕೋಟಿ ಅಂದರು. ಆಮೇಲಿನ ವಿದ್ವಾಂಸರು 1.7–1.8 ಕೋಟಿ ಅಂದರು, ಕೆಲವರು 2 ಕೋಟಿಯವರೆಗೂ ಹೋದರು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ. ಹತ್ತು ವರ್ಷ ಕಳೆದ ಮೇಲೆ 59.8 ಲಕ್ಷ. ನೂರಕ್ಕೆ ಮೂರೇ ಏರಿಕೆ. ಇಂಡಿಯಾ ದೇಶದ ಜನಸಂಖ್ಯೆ ಏರುವ ಬದಲು ಇಳಿದ ದಶಕ ಅದೊಂದೇ.

ಲಕ್ಷಗಟ್ಟಲೆ ಹೆಣ ಬಿದ್ದ ಮೇಲೂ ಲೆಕ್ಕ ಯಾಕೆ ಇಷ್ಟು ಅಲುಗಾಡುತ್ತದೆ? ಇಲ್ಲೇ ಇದೆ ಗಂಟು.

ಆಗಿನ ಸರ್ಕಾರದ ಸಾವಿನ ಪುಸ್ತಕದಲ್ಲಿ ಕೆಲವೇ ಕಾಲಂಗಳು. ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಉಸಿರಾಟದ ಕಾಯಿಲೆ, ಗಾಯ, ಇತರೆ. ಕಾಲರಾ ಕಣ್ಣಿಗೆ ಕಾಣುತ್ತದೆ. ಸಿಡುಬು ಕಾಣುತ್ತದೆ. ಪ್ಲೇಗಿನ ಗಡ್ಡೆ ಕೈಗೆ ಸಿಗುತ್ತದೆ. 1918ರ ಬೇನೆಗೆ ಹಾಗೆ ತೋರಿಸಲು ಏನೂ ಇರಲಿಲ್ಲ. ತಲೆನೋವನ್ನು ಹೆಣದ ಮೇಲೆ ಹುಡುಕಲಾಗುವುದಿಲ್ಲ. ಬದುಕಿದ್ದಾಗ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೇಳದೇ ಇದ್ದ ಸಾವುಗಳೆಲ್ಲ ಹೆಚ್ಚುಪಾಲು 'ಜ್ವರ' ಎಂಬ ಕಾಲಂಗೆ ಬಿದ್ದವು. ಮಾರ್ಟೆನ್‌ನಂಥವರು ಆಮೇಲೆ ಕೂತು, ಮಾಮೂಲಿ ವರ್ಷಕ್ಕಿಂತ ಎಷ್ಟು ಹೆಚ್ಚು ಸತ್ತರು ಅಂತ ಕಳೆದು ನೋಡಿ ಅಂದಾಜು ಕಟ್ಟಿದರು.

ಆ ಪುಸ್ತಕಕ್ಕೆ ಸುದ್ದಿ ಹೋಗುತ್ತಿದ್ದ ಹಾದಿಯನ್ನೂ ನೋಡಿ. ಹಳ್ಳಿಯ ಬರವಣಿಗೆ ಪಟೇಲ-ಶಾನುಭೋಗರ ಕೈಯಲ್ಲಿ. ಸುದ್ದಿ ಒಯ್ಯುವವನು ತಳವಾರ, ತೋಟಿ, ಕುಳವಾಡಿ. ಊರಲ್ಲಿ ಯಾರೇ ಸತ್ತರೂ ನೆಂಟರ ಊರಿಗೆ ನಡೆದು ಸಾವಿನ ಸುದ್ದಿ ಮುಟ್ಟಿಸುವುದು, ಕುಣಿ ತೋಡುವುದು, ಸೌದೆ ಹೊರುವುದು ಹೊಲೆಯ-ಮಾದಿಗರ 'ಹಕ್ಕು' ಅಂತ ಹೊರಿಸಿದ್ದರಲ್ಲ! ಬೇನೆಯ ಕಾಲದಲ್ಲಿ ಈ 'ಹಕ್ಕು' ಎಂಥದ್ದು ಅಂತ ಯೋಚಿಸಿ. ದಿನಕ್ಕೆ ಎಷ್ಟೋ ಹೆಣ. ಒಂದೊಂದು ಮನೆಯ ಬಾಗಿಲಿಗೂ ಹೋಗುವವನು ಅವನು. ಅವನ ತಲೆಯೂ ಸಿಡಿಯುತ್ತಿರುತ್ತದೆ. ಜಗಲಿಯ ಕೆಳಗೆ ನಿಂತು 'ಇಂಥವರು ತೀರಿದ್ರು ಬುದ್ದಿ' ಅನ್ನಬೇಕು. ಮೇಲೆ ಕೂತವರು 'ಏನಾಗಿತ್ತು?' ಅನ್ನುತ್ತಾರೆ. 'ಜರ.' ಬರೆದಾಯಿತು. ನಾಡಿದ್ದು ಅವನೇ ಬರದಿದ್ದರೆ ಅವನ ಸುದ್ದಿ ಹೇಳುವವರು ಯಾರು? ಊರ ಸಾವುಗಳನ್ನೆಲ್ಲ ಪುಸ್ತಕಕ್ಕೆ ಮುಟ್ಟಿಸಿದವನ ಸಾವೇ ಪುಸ್ತಕಕ್ಕೆ ಮುಟ್ಟದೆ ಹೋಗುವ ವ್ಯವಸ್ಥೆ ಅದು. ಈ ಹಳ್ಳಿ ಹುದ್ದೆಗಳನ್ನು ತೆಗೆದುಹಾಕಲು ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೇ ಬರಬೇಕಾಯಿತು. ಬಿಟ್ಟಿ ಚಾಕರಿ ಎಷ್ಟೋ ಊರಲ್ಲಿ ಆಮೇಲೂ ನಡೆಯಿತು.

ಹಳ್ಳಿಯ ಪುಸ್ತಕ ಜಾತಿಯನ್ನು ಮುಚ್ಚಿಟ್ಟಿತು, ಬೊಂಬಾಯಿ ಪಟ್ಟಣದ ಆರೋಗ್ಯ ಇಲಾಖೆಯ ಲೆಕ್ಕ ಬಿಚ್ಚಿಟ್ಟಿತು. ಈ ಅಂಕಿಗಳನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. 1918ರ ಬೇನೆಯಲ್ಲಿ ಆ ಪಟ್ಟಣದಲ್ಲಿ ಸಾವಿರ ಯೂರೋಪಿಯನ್ನರಿಗೆ 8.3 ಮಂದಿ ಸತ್ತರು. ಸಾವಿರ ಪಾರ್ಸಿಗಳಿಗೆ 9. ಮೇಲುಜಾತಿ ಹಿಂದೂಗಳಲ್ಲಿ ಸಾವಿರಕ್ಕೆ 18.9, ಮುಸ್ಲಿಮರಲ್ಲಿ 19.2. 'ಕೀಳುಜಾತಿ'ಯವರು ಅಂತ ಅವರು ಬರೆದುಕೊಂಡವರಲ್ಲಿ ಸಾವಿರಕ್ಕೆ 61.6. ಒಂದೇ ಪಟ್ಟಣ, ಒಂದೇ ಗಾಳಿ, ಒಂದೇ ವೈರಸ್. ವೈರಸ್ಸಿಗೆ ಜಾತಿ ಗೊತ್ತಿಲ್ಲ ಅಂತ ಭಾಷಣ ಮಾಡುವವರು ಈ ಲೆಕ್ಕಕ್ಕೆ ಉತ್ತರ ಕೊಡಲಿ. ವೈರಸ್ಸಿಗೆ ಗೊತ್ತಿಲ್ಲ, ನಿಜ. ಒಂದು ಕೋಣೆಯಲ್ಲಿ ಹತ್ತು ಜನ ಮಲಗುವ ಚಾಳಿಗೆ ಗೊತ್ತು, ಖಾಲಿ ಹೊಟ್ಟೆಗೆ ಗೊತ್ತು, ರಜೆ ಕೊಡದ ಗಿರಣಿಗೆ ಗೊತ್ತು. ತಲೆ ಸಿಡಿದಾಗ ಮಲಗುವವರಿಗೂ ತಲೆ ಸಿಡಿದರೂ ಕೆಲಸಕ್ಕೆ ಹೋಗುವವರಿಗೂ ನಡುವಿನ ಅಂತರ ಸಾವಿರಕ್ಕೆ ಐವತ್ತಕ್ಕೂ ಹೆಚ್ಚು ಹೆಣ.

ಅದೇ 1918ರ ನವೆಂಬರಿನಲ್ಲಿ ಅದೇ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿಗೆ ಅಂಬೇಡ್ಕರ್ ಅರ್ಥಶಾಸ್ತ್ರದ ಪ್ರೊಫೆಸರಾಗಿ ಸೇರಿದರು. ಅದೇ ವರ್ಷ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕುರ್ಚಿಗಳಲ್ಲಿ ಒಂದೇ ಜಾತಿ ತುಂಬಿಕೊಂಡದ್ದನ್ನು ಸರಿಪಡಿಸುವುದು ಹೇಗೆ ಅಂತ ಕೇಳಿದ ಸಮಿತಿ ಅದು. ದಿವಾನ್ ವಿಶ್ವೇಶ್ವರಯ್ಯ ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು, 1919ರಲ್ಲಿ ವರದಿ ಬಂತು. ಚರಿತ್ರೆ ಪಾಠದಲ್ಲಿ ಬೇನೆ ಒಂದು ಪುಟದಲ್ಲಿ, ಮಿಲ್ಲರ್ ಇನ್ನೊಂದು ಪುಟದಲ್ಲಿ. ನಾವು ಎರಡನ್ನೂ ಒಟ್ಟಿಗೆ ಇಟ್ಟು ಓದುತ್ತೇವೆ. ಸಾವನ್ನು ಬರೆದುಕೊಳ್ಳುವ ಕೈ ಯಾರದ್ದು ಅನ್ನುವುದಕ್ಕೂ ಯಾರ ಸಾವು ಲೆಕ್ಕಕ್ಕೆ ಬರುತ್ತದೆ ಅನ್ನುವುದಕ್ಕೂ ನೇರ ಸಂಬಂಧ ಇದೆ.

ಹರಿಹರ ನಮಗೆಲ್ಲ ಇನ್ನೊಂದು ಕಾರಣಕ್ಕೂ ಗೊತ್ತು. ಆ ಬೇನೆಯಾಗಿ ಇಪ್ಪತ್ತು ವರ್ಷಕ್ಕೆ, 1938ರಲ್ಲಿ, ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ ಊರು ಅದು. ದಲಿತ ಸಂಘರ್ಷ ಸಮಿತಿ ಕಟ್ಟಿ, ಬರೆಯುವ ಕೈಯನ್ನು ಕೇರಿಗೆ ತಂದವರು ಅವರು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ನಮ್ಮವರ ತಲೆಯ ಬಗ್ಗೆ ಸರ್ಕಾರವೊಂದು ಯೋಚನೆ ಮಾಡಿದ್ದು ಅದೇ ಮೊದಲು ಅನ್ನಬೇಕು. ಇವರಿಂದಾಗಿ ನಾವು ಶಾಲೆಗೆ ಹೋದೆವು, ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ತಗೊಂಡೆವು. ಡಿಗ್ರಿ ತಗೊಂಡ ನಾವು ಎರಡನೇ ಬೇನೆ ಬಂದಾಗ ಏನು ಮಾಡಿದೆವು?

2020ರ ಮಾರ್ಚ್ 11ರಂದು ಕೋವಿಡ್ ಸರ್ವವ್ಯಾಪಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾರ್ಚ್ 25ರಿಂದ ದೇಶಕ್ಕೆ ಬೀಗ. ಏಪ್ರಿಲ್ ಕೊನೆ, ಮೇ ಹೊತ್ತಿಗೆ ದಾವಣಗೆರೆಯ ಬಾಷಾನಗರ, ಜಾಲಿನಗರಗಳಿಗೆ ತಗಡು ಬಡಿದು ಬೇಲಿ ಹಾಕಿದರು. ಬೇಲಿಯೊಳಗಿನವರು ಕೂಲಿಕಾರರು, ಹಮಾಲರು, ಬೀದಿ ವ್ಯಾಪಾರದವರು. ರೋಗಕ್ಕೆ ಧರ್ಮ ಅಂಟಿಸಿ ಮಾತಾಡಿದವರ ಬಾಯಿಗೆ ಬೀಗ ಇರಲಿಲ್ಲ.

ಆಗ ಹಣೆಗೆ ಗನ್ನು ಹಿಡಿಯುವ ಕಾಲ ಬಂತು. ಬಸ್‌ಸ್ಟ್ಯಾಂಡು, ಆಸ್ಪತ್ರೆ, ರೇಷನ್ ಅಂಗಡಿ, ಎಲ್ಲೆಲ್ಲೂ ಹಣೆಗೆ ಗನ್ನು. ಹಣೆ ಎಷ್ಟು ಬಿಸಿ ಅಂತ ಅದು ಹೇಳುತ್ತಿತ್ತು, ಹಣೆ ನೋಯುತ್ತಿದೆಯಾ ಅಂತ ಕೇಳುತ್ತಿರಲಿಲ್ಲ. ಮೊದಲ ತಿಂಗಳುಗಳ ಪರೀಕ್ಷೆಯ ನಿಯಮವೂ ಹಾಗೇ ಇತ್ತು. 'ಇನ್‌ಫ್ಲುಯೆಂಜಾದಂಥ ಕಾಯಿಲೆ' ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ ಮತ್ತು ಕೆಮ್ಮು, ಎರಡೂ ಇರಬೇಕು. ಬರೀ ತಲೆ ಸಿಡಿಯುವವರು ಆ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ಇದು ನಮ್ಮ ದೇಶವೊಂದರದೇ ತಪ್ಪಲ್ಲ. ಅಮೆರಿಕದವರು ತಮ್ಮ ಲಕ್ಷಣಗಳ ಪಟ್ಟಿಗೆ ತಲೆನೋವು ಸೇರಿಸಿದ್ದು 2020ರ ಏಪ್ರಿಲ್ ಕೊನೆಗೆ. ಇಂಗ್ಲೆಂಡಿನವರು ಸೇರಿಸಿದ್ದು 2022ರ ಏಪ್ರಿಲಿನಲ್ಲಿ, ಎರಡು ವರ್ಷ ತಡವಾಗಿ. ಅಷ್ಟರಲ್ಲಿ ಅವರದೇ ದೇಶದ ಲಕ್ಷಾಂತರ ರೋಗಿಗಳು, ನಮಗೆ ಮೊದಲು ಬಂದದ್ದೇ ತಲೆನೋವು ಅಂತ ಫೋನಿನಲ್ಲಿ ಬರೆದು ಕಳಿಸಿದ್ದರು. ಬರೆದು ಕಳಿಸಲು ಅವರಿಗೆ ಫೋನಿತ್ತು, ಪುರುಸೊತ್ತಿತ್ತು, ತಮ್ಮ ತಲೆನೋವು ಹೇಳಿಕೊಳ್ಳುವಂಥದ್ದು ಅನ್ನುವ ಭರವಸೆ ಇತ್ತು.

ನಮ್ಮ ಮನೆಯದನ್ನೇ ಹೇಳುತ್ತೇವೆ. ನಮ್ಮ ಚಿಕ್ಕವ್ವ ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಆಕೆಗೆ ತಲೆನೋವು ದಿನದ ಕೂಲಿಯ ಜೊತೆ ಬರುವ ಭತ್ಯೆ. 2021ರ ಮೇ 10ರಿಂದ ರಾಜ್ಯಕ್ಕೆ ಮತ್ತೆ ಪೂರ್ತಿ ಲಾಕ್‌ಡೌನ್. ಆ ವಾರ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳಿದರು:

'ಜ್ವರ ಐತೇನಕ್ಕ?'

'ಇಲ್ಲವ್ವ.'

'ಕೆಮ್ಮು?'

'ಇಲ್ಲ. ತಲಿ ಒಂದೀಟು ನೋಯ್ತೈತಿ. ಅದು ದಿನಾ ಇರೋದೇ.'

ಆಕೆಯ ಹಾಳೆಯಲ್ಲಿ ತಲೆನೋವಿಗೆ ಜಾಗ ಇರಲಿಲ್ಲ. ತಪ್ಪು ಆಕೆಯದಲ್ಲ. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ರಾಜ್ಯದ ಆಶಾಗಳು ಮುಷ್ಕರ ಹೂಡಬೇಕಾಯಿತು. ಅಂದು ತಳವಾರ, ಇಂದು ಆಶಾ. ಸುದ್ದಿ ತರುವವರ ಹೊಟ್ಟೆಗೆ ಹಾಕದೆ ಸುದ್ದಿ ಮಾತ್ರ ಬೇಕು ಅನ್ನುವುದು ಬದಲಾಗಿಲ್ಲ.

ತಪ್ಪು ನಮ್ಮದೂ ಇತ್ತು. ನಾವು ಅಲ್ಲೇ ಕೂತಿದ್ದೆವು, ಕೈಯಲ್ಲಿ ಫೋನಿತ್ತು. ತಲೆನೋವು ಕೋವಿಡ್ಡಿನ ಲಕ್ಷಣ ಅಂತ ಓದಿದ್ದೆವು, ಗೆಳೆಯರಿಗೆ ಕಳಿಸಿಯೂ ಇದ್ದೆವು. ನಮ್ಮ ಚಿಕ್ಕವ್ವನ ತಲೆನೋವನ್ನು ಮಾತ್ರ ಆ ಲಕ್ಷಣದ ಜೊತೆ ಸೇರಿಸಿ ನೋಡಲಿಲ್ಲ. 'ಮಾತ್ರೆ ನುಂಗಿ ಮಲಕ್ಕೋ ಚಿಕ್ಕವ್ವ' ಅಂದೆವು. ಆಕೆಯ ತಲೆ ನೋಯುವುದು ಮಾಮೂಲು ಅಂತ ಭಟ್ಟಿ ಮಾಲೀಕ ನಂಬಿದ ಹಾಗೆ ನಾವೂ ನಂಬಿದ್ದೆವು. ನಾಲ್ಕನೇ ದಿನ ಉಸಿರು ಸಿಕ್ಕಿಕೊಂಡಿತು. ಆಟೋದಲ್ಲಿ ಕೂರಿಸಿಕೊಂಡು ಹೋದರೆ ಒಂದು ಆಸ್ಪತ್ರೆಯ ಬಾಗಿಲಲ್ಲೇ 'ರಿಪೋರ್ಟ್ ಎಲ್ಲಿ?' ಅಂದರು. ಇನ್ನೊಂದು ಕಡೆ ಹಾಸಿಗೆ ಇಲ್ಲ ಅಂದರು. ಮೂರನೆಯ ಕಡೆ ಮುಟ್ಟುವಷ್ಟರಲ್ಲಿ ಆಕೆ ಇರಲಿಲ್ಲ. ಪರೀಕ್ಷೆ ಆಗಿರಲಿಲ್ಲ. ಮರಣ ಪತ್ರದಲ್ಲಿ ಕೋವಿಡ್ ಎಂಬ ಮಾತು ಎಲ್ಲೂ ಇಲ್ಲ.

ಆಮೇಲೆ ಪರಿಹಾರದ ಮಾತು ಬಂತು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2021ರ ಸೆಪ್ಟೆಂಬರಿನಲ್ಲಿ ಸತ್ತವರ ಮನೆಯವರಿಗೆ 50,000 ರೂಪಾಯಿ ಅಂತ ಗೊತ್ತಾಯಿತು. ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ಕೊಡುತ್ತೇವೆ ಅಂತ ನಮ್ಮ ರಾಜ್ಯ ಸರ್ಕಾರ ಮೊದಲೇ ಹೇಳಿತ್ತು. ಕೋವಿಡ್ ಅಂತ ಪರೀಕ್ಷೆಯಲ್ಲೋ ವೈದ್ಯರ ದಾಖಲೆಯಲ್ಲೋ ಇರಬೇಕು. ಚಿಕ್ಕವ್ವನ ಮಗ ಕಾಗದ ಹಿಡಿದು ಮೂರು ತಿಂಗಳು ಕಚೇರಿ ಸುತ್ತಿದ. ದಾಖಲೆ ಇಲ್ಲದ ತಲೆನೋವಿಗೆ ಪರಿಹಾರ ಇಲ್ಲ.

ಇದು ಒಂದು ಮನೆಯ ಕತೆಯಲ್ಲ. 2020–21ರ ಎರಡು ವರ್ಷದಲ್ಲಿ ಭಾರತದಲ್ಲಿ ಮಾಮೂಲಿಗಿಂತ ಸುಮಾರು 47 ಲಕ್ಷ ಜನ ಹೆಚ್ಚು ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜು ಹಾಕಿತು. ಆ ಎರಡು ವರ್ಷಕ್ಕೆ ಸರ್ಕಾರ ಹೇಳಿದ ಕೋವಿಡ್ ಸಾವು ಸುಮಾರು 4.8 ಲಕ್ಷ. ಸಂಸ್ಥೆಯ ಲೆಕ್ಕವನ್ನು ಸರ್ಕಾರ ಒಪ್ಪಲಿಲ್ಲ. ಆದರೆ ಸರ್ಕಾರದ್ದೇ ಜನನ-ಮರಣ ನೋಂದಣಿ ನೋಡಿ. 2020ರಲ್ಲಿ 81.2 ಲಕ್ಷ ಸಾವು ದಾಖಲಾಗಿದ್ದರೆ 2021ರಲ್ಲಿ 1.02 ಕೋಟಿ. ಹೆಚ್ಚಾದ ಇಪ್ಪತ್ತು ಲಕ್ಷ ಎಲ್ಲಿಂದ ಬಂತು? ನೂರು ವರ್ಷದ ಹಿಂದೆ ಮಾರ್ಟೆನ್ ಮಾಡಿದ ಕಳೆಯುವ ಲೆಕ್ಕವನ್ನೇ ನಾವು ಇವತ್ತೂ ಮಾಡುತ್ತ ಕೂತಿದ್ದೇವೆ. ಅಂದು 'ಜ್ವರ' ಎಂಬ ಕಾಲಂ ನುಂಗಿತು, ಇಂದು 'ರಿಪೋರ್ಟ್ ಇಲ್ಲ' ಎಂಬ ಮಾತು ನುಂಗಿತು.

ಗೆಳೆಯರೇ, ಮೇಷ್ಟ್ರುಗಳೇ, ಅಳುವುದಕ್ಕಾಗಿ ಇದನ್ನು ಬರೆಯಲಿಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದಾಗ ಸಾವಿತ್ರಿಬಾಯಿ ಫುಲೆ ಮುಂಢವಾದ ಮಹಾರ್ ಕೇರಿಯ ಒಬ್ಬ ಹುಡುಗನಿಗೆ ಬೇನೆ ಅಂತ ಕೇಳಿ ಓಡಿದರು. ಅವನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಹುಡುಗ ಉಳಿದ. ಅವರಿಗೆ ಪ್ಲೇಗು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅವರು ಮಾಡಿದ ಮೊದಲ ಕೆಲಸ ಕಿವಿಗೊಟ್ಟದ್ದು. ಹೊತ್ತದ್ದು ಆಮೇಲೆ.

ನಾವು ಮಾಡಬೇಕಾದದ್ದೂ ಅಲ್ಲಿಂದಲೇ ಶುರು. ರೋಗ ಓಡಾಡುವ ಕಾಲದಲ್ಲಿ ಮನೆಯ ಹೆಂಗಸು 'ತಲಿ ನೋಯ್ತೈತಿ' ಅಂದರೆ, 'ದಿನದ ನೋವೋ, ಬೇರೆಯದೋ? ಯಾವಾಗಿಂದ? ಮೈಕೈ ನೋವೈತೇನು?' ಅಂತ ಕೇಳೋಣ, ಪರೀಕ್ಷೆಗೆ ಕರೆದೊಯ್ಯೋಣ. ಕೇರಿಯಲ್ಲಿ ಆದ ಪ್ರತಿ ಸಾವೂ ಪಂಚಾಯ್ತಿಯ ಪುಸ್ತಕದಲ್ಲಿ ಕಾರಣ ಸಮೇತ ಏರುವ ಹಾಗೆ ನೋಡೋಣ. 2020–21ರಲ್ಲಿ ಯಾರು ಹೋದರು, ಮೊದಲ ದಿನ ಅವರು ಏನು ಹೇಳಿದ್ದರು ಅಂತ ಮನೆಮನೆಗೆ ಹೋಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. 1918ರವರನ್ನು ಕೇಳಲು ಈಗ ಯಾರೂ ಉಳಿದಿಲ್ಲ. ಈ ಸಲದವರ ಮನೆಯವರು ಇದ್ದಾರೆ.

ಹರಿಹರ ಕಡೆಯ ಒಂದು ಕೇರಿಯಿಂದ ನಾವು ಈ ಕೆಲಸ ಶುರು ಮಾಡಿದ್ದೇವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಚಿಕ್ಕವ್ವನ ಹೆಸರು ಬರೆದೆವು. ಕಾಯಿಲೆಯ ಮೊದಲ ಲಕ್ಷಣ ಎಂಬಲ್ಲಿ ಬರೆದದ್ದು: ತಲೆನೋವು. ಹೇಳಿದ್ದಳು. ಕೇಳಲಿಲ್ಲ.